ಬೆಳಿಗ್ಗೆ ಎದ್ದಾಗ ಕಾಲು ಏಳದಿದ್ದರೆ: ಪೊಟ್ಯಾಸಿಯಂ ಇಳಿಯುವ ಪೀರಿಯಾಡಿಕ್ ಪ್ಯಾರಾಲಿಸಿಸ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ತೀರ್ಥಹಳ್ಳಿ ಕಡೆಯವನು. ಅಡಿಕೆ ತೋಟ, ಒಂದಿಷ್ಟು ಗದ್ದೆ. 17ನೇ ವಯಸ್ಸಿನಲ್ಲಿ ಮೊದಲ ಸಲ ಕೈಕಾಲು ಬಿದ್ದುಹೋಯಿತು. ಏನು ಕಾಯಿಲೆ ಅಂತ ಗೊತ್ತಾಗುವಷ್ಟರಲ್ಲಿ 23 ಆಗಿತ್ತು. ಈಗ 38. ನಾನು ಡಾಕ್ಟರ್ ಅಲ್ಲ, ಈ ಕಾಯಿಲೆ ಜೊತೆ ಸಂಸಾರ ಮಾಡಿದವನು ಅಷ್ಟೇ. ಮದುವೆ ಮನೆಯಲ್ಲಿ, ಸೊಸೈಟಿ ಕಟ್ಟೆ ಮೇಲೆ, ಫೋನಿನಲ್ಲಿ ಜನ ಕೇಳಿದ್ದನ್ನೇ ಕೇಳುತ್ತಾರೆ, ನಾನು ಹೇಳಿದ್ದನ್ನೇ ಹೇಳುತ್ತೇನೆ. ಅದಕ್ಕೆ ಎಲ್ಲ ಒಂದೇ ಕಡೆ ಬರೆದಿಟ್ಟಿದ್ದೇನೆ. ಪೂರ್ತಿ ಓದಲು ಪುರುಸೊತ್ತಿಲ್ಲದವರು ಇದೊಂದು ನೆನಪಿಟ್ಟುಕೊಳ್ಳಿ: ನಾನು ಬಿದ್ದುಕೊಂಡಿದ್ದಾಗ ಸಕ್ಕರೆ ನೀರು ಕುಡಿಸಬೇಡಿ, ಗ್ಲೂಕೋಸ್ ಹಾಕಿಸಬೇಡಿ.

ಕಾಯಿಲೆ ಹೆಸರೇನು?

ಹೈಪೋಕಲೀಮಿಕ್ ಪೀರಿಯಾಡಿಕ್ ಪ್ಯಾರಾಲಿಸಿಸ್. ನಾಲಿಗೆ ತಿರುಗದಿದ್ದರೆ ಬೇಸರ ಬೇಡ, ನನ್ನ ಅಮ್ಮ ಇವತ್ತಿಗೂ "ಪೊಟ್ಯಾಸಿಯಂ ಕಾಯಿಲೆ" ಅಂತಲೇ ಹೇಳುವುದು, ಅದೇ ಸರಿಯಾಗಿದೆ. ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಆಗಾಗ ಕೈಕಾಲಿನ ಬಲ ಹೋಗುತ್ತದೆ. ಕೆಲವು ಗಂಟೆ, ಕೆಲವೊಮ್ಮೆ ಒಂದೆರಡು ದಿನ ಬಿಟ್ಟು ವಾಪಸ್ ಬರುತ್ತದೆ. ವಂಶದಲ್ಲಿ ಬರುವ ಬಗೆ ಸುಮಾರು 1 ಲಕ್ಷ ಜನರಲ್ಲಿ ಒಬ್ಬರಿಗೆ ಇರುತ್ತದೆ. ಹೆಚ್ಚಿನವರಿಗೆ 20 ವರ್ಷದೊಳಗೇ ಶುರುವಾಗುತ್ತದೆ.

ಅಟ್ಯಾಕ್ ಬಂದಾಗ ಹೇಗಿರುತ್ತೆ?

ನನಗೆ ಬರುವುದು ಹೆಚ್ಚಾಗಿ ಬೆಳಗಿನ ಜಾವ. ಮೂರೋ ನಾಲ್ಕೋ ಗಂಟೆಗೆ ಎಚ್ಚರವಾಗುತ್ತದೆ. ಮಗ್ಗುಲು ಬದಲಿಸೋಣ ಅಂದರೆ ಸೊಂಟ ಮಾತು ಕೇಳುವುದಿಲ್ಲ. ಹೊದ್ದ ಕಂಬಳಿ ಅಡಿಕೆ ಮೂಟೆಯಷ್ಟು ಭಾರ. ಹಂಚಿನ ಮೇಲೆ ಮಳೆ ಬೀಳುವುದು ಕೇಳುತ್ತದೆ, ಕೊಟ್ಟಿಗೆಯಲ್ಲಿ ದನ ಎದ್ದು ನಿಂತದ್ದು ಗೊತ್ತಾಗುತ್ತದೆ, ಕಾಲಿಗೆ ಸೊಳ್ಳೆ ಕಚ್ಚಿದ್ದೂ ಗೊತ್ತಾಗುತ್ತದೆ, ಓಡಿಸಲು ಮಾತ್ರ ಆಗುವುದಿಲ್ಲ. ಸ್ಪರ್ಶ ಹೋಗುವುದಿಲ್ಲ, ತಲೆ ಪೂರ್ತಿ ಸರಿ ಇರುತ್ತದೆ. ಬಲ ಒಂದೇ ಇಲ್ಲ. ಮೊದಲು ತೊಡೆ, ಸೊಂಟ. ಆಮೇಲೆ ಭುಜ, ತೋಳು. ಬೆರಳು ಕೊನೆಯವರೆಗೂ ಸ್ವಲ್ಪ ಆಡುತ್ತಿರುತ್ತವೆ. ಕಣ್ಣು, ಮುಖ, ಮಾತು ಸಾಮಾನ್ಯವಾಗಿ ಸರಿಯಾಗಿಯೇ ಇರುವುದರಿಂದ ಹೆಂಡತಿಯನ್ನು ಕೂಗಬಹುದು. "ಬಂತು ಕಣೇ" ಅಂದರೆ ಸಾಕು, ಲೈಟ್ ಹಾಕುವ ಮೊದಲೇ ಅವಳ ಕೈ ಮದ್ದಿನ ಡಬ್ಬಿ ಮೇಲಿರುತ್ತದೆ.

ಎಲ್ಲ ಸಲವೂ ಪೂರ್ತಿ ಬೀಳುವುದಿಲ್ಲ. ಕೆಲವು ದಿನ ಬಚ್ಚಲಿನ ಮೆಟ್ಟಿಲು ಹತ್ತಲು ಗೋಡೆ ಹಿಡಿಯಬೇಕಾಗುತ್ತದೆ, ಮಣೆಯಿಂದ ಏಳಲು ನೆಲಕ್ಕೆ ಕೈ ಊರಬೇಕಾಗುತ್ತದೆ. ನೋಡುವವರಿಗೆ ಸೋಮಾರಿತನ ಅನ್ನಿಸುತ್ತದೆ. ಅನ್ನಿಸಲಿ ಬಿಡಿ.

ಲಕ್ವ ಅಲ್ವಾ ಇದು?

ಅಲ್ಲ. ಲಕ್ವದಲ್ಲಿ ತೊಂದರೆ ಮಿದುಳಿನಲ್ಲಿ, ಸಾಮಾನ್ಯವಾಗಿ ಒಂದೇ ಪಕ್ಕ ಬೀಳುತ್ತದೆ, ಬಾಯಿ ಸೊಟ್ಟ ಆಗುತ್ತದೆ. ಇಲ್ಲಿ ತೊಂದರೆ ಮಾಂಸಖಂಡದಲ್ಲಿ, ಬೀಳುವುದು ಎರಡೂ ಪಕ್ಕ. ಆದರೆ ಬಾಯಿ ಸೊಟ್ಟ ಆದರೆ, ಒಂದೇ ಕೈ ಬಿದ್ದರೆ, ಮಾತು ತೊದಲಿದರೆ "ಇವನಿಗೆ ಮೊದಲಿಂದಲೂ ಇದ್ದದ್ದೇ" ಅಂತ ಸುಮ್ನೆ ಕೂರಬೇಡಿ. ಪೊಟ್ಯಾಸಿಯಂ ಕಾಯಿಲೆ ಇದ್ದವರಿಗೆ ಲಕ್ವ ಹೊಡೆಯಬಾರದು ಅಂತ ಏನೂ ಇಲ್ಲ.

ಹಾಗಾದರೆ ಹಂದಿಗೋಡು ಕಾಯಿಲೆಯಾ? ಮಂಗನ ಕಾಯಿಲೆಯಾ?

ಎರಡೂ ಅಲ್ಲ. ಸಾಗರ ತಾಲ್ಲೂಕಿನ ಹಂದಿಗೋಡಿನ ಹೆಸರು ಹೊತ್ತದ್ದು ಮೂಳೆ ಮತ್ತು ಕೀಲಿನ ಕಾಯಿಲೆ. ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಕಂಡ ಮಂಗನ ಕಾಯಿಲೆ ಉಣ್ಣೆ ಹುಳದಿಂದ ಹರಡುವ ವೈರಸ್ ಜ್ವರ. ನಮ್ಮ ಜಿಲ್ಲೆ ಹೆಸರಿಗೆ ಇವೆರಡು ಅಂಟಿಕೊಂಡಿರುವುದರಿಂದ ಹೊರಗಿನವರು ಈ ಪ್ರಶ್ನೆ ಕೇಳುತ್ತಾರೆ. ನನ್ನದು ಊರಿನಿಂದ ಬಂದದ್ದಲ್ಲ, ಮನೆತನದಿಂದ ಬಂದದ್ದು. ಅಂಟುವುದೂ ಇಲ್ಲ.

ಪೊಟ್ಯಾಸಿಯಂ ಕಡಿಮೆ ಆಗುತ್ತೆ ಅಂದರೆ ಎಲ್ಲಿಗೆ ಹೋಗುತ್ತೆ?

ಎಲ್ಲಿಗೂ ಹೋಗುವುದಿಲ್ಲ, ಮೈ ಒಳಗೇ ಇರುತ್ತದೆ. ಇದನ್ನು ಅರ್ಥ ಮಾಡಿಕೊಂಡರೆ ಅರ್ಧ ಕಾಯಿಲೆ ಅರ್ಥವಾದ ಹಾಗೆ. ಮೈಯಲ್ಲಿರುವ ಪೊಟ್ಯಾಸಿಯಂನಲ್ಲಿ ನೂರಕ್ಕೆ ಸುಮಾರು 98 ಪಾಲು ಜೀವಕೋಶಗಳ ಒಳಗೇ ಇರುತ್ತದೆ, ಅದರಲ್ಲೂ ಜಾಸ್ತಿ ಮಾಂಸಖಂಡದಲ್ಲಿ. ಹೊರಗೆ ರಕ್ತದಲ್ಲಿ ಓಡಾಡುವುದು ಬರೀ 2 ಪಾಲು. ನಾವು ಸಿಹಿಯೋ ಅನ್ನವೋ ಜಾಸ್ತಿ ತಿಂದಾಗ ಇನ್ಸುಲಿನ್ ಏರುತ್ತದೆ, ಅದು ಸಕ್ಕರೆಯನ್ನು ಮಾಂಸಖಂಡದ ಒಳಗೆ ಕಳಿಸುವಾಗ ರಕ್ತದ ಪೊಟ್ಯಾಸಿಯಂ ಕೂಡ ಒಳಗೆ ಹೋಗುತ್ತದೆ. ಇದು ಎಲ್ಲರಿಗೂ ಆಗುವಂಥದ್ದೇ. ನಿಮಗೆ ಗೊತ್ತೇ ಆಗುವುದಿಲ್ಲ.

ನಮ್ಮಂಥವರ ಮಾಂಸಖಂಡದ ಪೊರೆಯಲ್ಲಿ ಒಂದು ಸಣ್ಣ ಸೋರಿಕೆ ಇರುತ್ತದೆ. ಗದ್ದೆ ಅಂಚಿನಲ್ಲಿ ಏಡಿ ತೂತು ಮಾಡಿದ ಹಾಗೆ ಅಂದುಕೊಳ್ಳಿ. ಕಾಲುವೆ ತುಂಬ ನೀರು ಬರುತ್ತಿದ್ದಾಗ ಆ ತೂತು ಲೆಕ್ಕಕ್ಕಿಲ್ಲ. ನೀರು ಕಮ್ಮಿಯಾದ ದಿನ ಗದ್ದೆ ಒಣಗುವುದು ಅದೇ ತೂತಿನಿಂದ. ಹಾಗೆಯೇ ರಕ್ತದಲ್ಲಿ ಪೊಟ್ಯಾಸಿಯಂ ಇಳಿದಾಗ ಈ ಸೋರಿಕೆಯ ಕೈ ಮೇಲಾಗಿ, ಮಾಂಸಖಂಡದ ವಿದ್ಯುತ್ ಲೆಕ್ಕ ತಪ್ಪಿ, ನರ ಎಷ್ಟು ಕೂಗಿದರೂ ಅದಕ್ಕೆ ಕೇಳಿಸುವುದಿಲ್ಲ. ನರ ಸರಿ ಇದೆ, ಮಾಂಸಖಂಡವೂ ಇದೆ, ಮಧ್ಯೆ ಮಾತು ನಿಂತಿದೆ.

ಸುಸ್ತಾದವರಿಗೆ ಗ್ಲೂಕೋಸ್ ಕೊಟ್ಟರೆ ಏನು ತಪ್ಪು?

ಬೇರೆಯವರಿಗೆ ತಪ್ಪಿಲ್ಲದಿರಬಹುದು. ನನಗೆ ಅದೇ ವಿಷ.

ನನ್ನ ಮೊದಲ ಅಟ್ಯಾಕ್ ಕಥೆ ಹೇಳುತ್ತೇನೆ. ಚಿಕ್ಕಪ್ಪನ ಮಗಳ ಮದುವೆ. ಮಧ್ಯಾಹ್ನ ಪಂಕ್ತಿಯಲ್ಲಿ ಪಂದ್ಯ ಕಟ್ಟಿ ಆರು ಹೋಳಿಗೆ ತಿಂದೆ. ಸಂಜೆ ಹುಡುಗರ ಜೊತೆ ಕತ್ತಲಾಗುವವರೆಗೆ ವಾಲಿಬಾಲ್. ರಾತ್ರಿ ಮತ್ತೆ ಊಟ, ಅಲ್ಲೇ ಚಪ್ಪರದಲ್ಲಿ ಚಾಪೆ ಹಾಸಿ ನಿದ್ದೆ. ಹೊಟ್ಟೆ ತುಂಬ ಸಿಹಿ, ಮೈ ತುಂಬ ಆಟ, ಆಮೇಲೆ ಅಲ್ಲಾಡದೆ ಮಲಗುವುದು. ಈ ಕಾಯಿಲೆಗೆ ಇದಕ್ಕಿಂತ ಚೆನ್ನಾಗಿ ಎಲೆ ಹಾಕಿ ಕರೆಯಲು ಆಗುವುದಿಲ್ಲ ಅಂತ ಈಗ ಗೊತ್ತು. ಬೆಳಿಗ್ಗೆ ಕಾಲು ಏಳಲಿಲ್ಲ. ದೊಡ್ಡಮ್ಮ ಓಡಿ ಬಂದು ದೊಡ್ಡ ಲೋಟದಲ್ಲಿ ಬೆಲ್ಲದ ನೀರು ಕುಡಿಸಿದರು. ಯಾರೋ ಚೌಡಿ ಸೋಂಕು ಅಂದರು. ಜೀಪಿನಲ್ಲಿ ಹಾಕಿಕೊಂಡು ಪೇಟೆಯ ಒಂದು ಸಣ್ಣ ಆಸ್ಪತ್ರೆಗೆ ಹೋದರು. ಹೋಗುವಾಗ ಕೈ ಆಡುತ್ತಿತ್ತು. ಎರಡು ಬಾಟ್ಲಿ ಗ್ಲೂಕೋಸ್ ಇಳಿಯುವಷ್ಟರಲ್ಲಿ ದಿಂಬಿನಿಂದ ತಲೆ ಎತ್ತಲೂ ಆಗಲಿಲ್ಲ. ಮೂರನೇ ಬಾಟ್ಲಿ ಹಾಕಲು ಹೊರಟಿದ್ದರು. ಮರುದಿನ ತಾನಾಗಿಯೇ ಎದ್ದು ಕೂತೆ. "ಪಿಯುಸಿ ಪರೀಕ್ಷೆ ಹೆದರಿಕೆ, ಮನಸ್ಸಿನದ್ದು" ಅಂತ ಬರೆದು ಕಳಿಸಿದರು. ಅಲ್ಲಿ ಯಾರೂ ರಕ್ತದ ಪೊಟ್ಯಾಸಿಯಂ ನೋಡಲಿಲ್ಲ. ಮುಂದಿನ ಆರು ವರ್ಷ ಪ್ರತಿ ಸಲವೂ ಹೀಗೇ. ಬಿದ್ದೆ ಅಂದ ತಕ್ಷಣ ಎಲ್ಲರಿಗೂ ಪ್ರೀತಿ ಉಕ್ಕುತ್ತಿತ್ತು, ಆ ಪ್ರೀತಿ ಸಕ್ಕರೆ ರೂಪದಲ್ಲೇ ಬರುತ್ತಿತ್ತು.

ನಮ್ಮ ಮನೆಯಲ್ಲೂ ಒಬ್ಬರಿಗೆ ಹೀಗೇ ಆಯಿತು. ಇದೇ ಕಾಯಿಲೆ ಇರಬಹುದಾ?

ಇರಬಹುದು, ಇಲ್ಲದೇ ಇರಬಹುದು. ಮೊದಲ ಸಲ ಆದರೆ ದಯವಿಟ್ಟು ಇದನ್ನು ಓದಿ ಮನೆಯಲ್ಲೇ ತೀರ್ಮಾನ ಮಾಡಬೇಡಿ, ನೇರ ಆಸ್ಪತ್ರೆಗೆ ಹೋಗಿ. ಬೆಳಿಗ್ಗೆ ಎದ್ದಾಗ ಕೈಕಾಲು ಬೀಳುವುದಕ್ಕೆ ನಮ್ಮ ಕಡೆ ಇನ್ನೊಂದು ಕಾರಣ ಇದೆ, ಕಟ್ಟುಹಾವು. ಕೆಲವರು ಕಡಂಬಳ ಅನ್ನುತ್ತಾರೆ. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಚ್ಚುತ್ತದೆ, ಎಷ್ಟೋ ಸಲ ನೋವೂ ಇರುವುದಿಲ್ಲ, ಗಾಯವೂ ಕಾಣುವುದಿಲ್ಲ. ಅದರಲ್ಲಿ ಮೊದಲು ರೆಪ್ಪೆ ಇಳಿಯುತ್ತದೆ, ಮಾತು ತೊದಲುತ್ತದೆ, ಉಗುಳು ನುಂಗಲು ಆಗುವುದಿಲ್ಲ, ಆಮೇಲೆ ಉಸಿರಿಗೆ ಬರುತ್ತದೆ. ರೆಪ್ಪೆ ಇಳಿದಿದ್ದರೆ ಒಂದು ನಿಮಿಷವೂ ತಡ ಮಾಡಬೇಡಿ. ಪಾದದಿಂದ ಶುರುವಾಗಿ ದಿನದಿಂದ ದಿನಕ್ಕೆ ಮೇಲೇರುವ ಗೀಯಾನ್ ಬಾರೆ ಅನ್ನುವ ನರದ ಕಾಯಿಲೆಯೂ ಇದೆ. ಅದನ್ನೂ ಆಸ್ಪತ್ರೆಯಲ್ಲೇ ನೋಡಬೇಕು.

ಇನ್ನು ಪೊಟ್ಯಾಸಿಯಂ ಇಳಿದಿದೆ ಅಂತಲೇ ಬಂದರೂ, ಅದು ವಂಶದ್ದೇ ಆಗಬೇಕಿಲ್ಲ. ಥೈರಾಯ್ಡ್ ಜಾಸ್ತಿ ಇದ್ದರೂ ಹೀಗೇ ಆಗುತ್ತದೆ, ಅದು ಏಷ್ಯಾದ ಗಂಡಸರಲ್ಲಿ, 20ರಿಂದ 40 ವಯಸ್ಸಿನೊಳಗೆ ಜಾಸ್ತಿ. ಅವರಿಗೆ ಒಂದು ಲೆಕ್ಕದಲ್ಲಿ ಅದೃಷ್ಟ, ಥೈರಾಯ್ಡ್ ಸರಿ ಮಾಡಿದರೆ ಅಟ್ಯಾಕ್ ನಿಲ್ಲುತ್ತದೆ. ಕಿಡ್ನಿಯಲ್ಲಿ ಪೊಟ್ಯಾಸಿಯಂ ಸೋರಿಹೋಗುವ ಕಾಯಿಲೆಗಳಿವೆ. ವಾಂತಿ ಭೇದಿಯಿಂದ, ಮೂತ್ರ ಹೋಗಿಸುವ ಮಾತ್ರೆಯಿಂದಲೂ ಇಳಿಯುತ್ತದೆ. ಪ್ರತಿಯೊಂದಕ್ಕೂ ಮದ್ದು ಬೇರೆ.

ಏನೇನು ಪರೀಕ್ಷೆ ಮಾಡಿಸಬೇಕು?

ಮುಖ್ಯವಾದದ್ದು ಸೀರಮ್ ಪೊಟ್ಯಾಸಿಯಂ, ಅಂದರೆ ರಕ್ತದ ಪೊಟ್ಯಾಸಿಯಂ. ಸಾಮಾನ್ಯವಾಗಿ ಲೀಟರಿಗೆ 3.5ರಿಂದ 5 ಮಿಲಿ ಈಕ್ವಿವೆಲೆಂಟ್ (ಪೊಟ್ಯಾಸಿಯಂ ಅಳೆಯುವ ಅಳತೆ) ಇರಬೇಕು. ರೋಗ ಪತ್ತೆಯಾದ ದಿನ ನನ್ನದು 2.1 ಇತ್ತು. ಆದರೆ ಇದನ್ನು ಅಟ್ಯಾಕ್ ಇದ್ದಾಗಲೇ ತೆಗೆಸಬೇಕು. ಎದ್ದು ಓಡಾಡುವ ದಿನ ಹೋದರೆ ಎಲ್ಲ ನಾರ್ಮಲ್ ಬರುತ್ತದೆ, ನಾವು ನಾಟಕ ಮಾಡಿದ ಹಾಗೆ ಕಾಣುತ್ತೇವೆ. ಆರು ವರ್ಷ ನನಗೆ ಆದದ್ದು ಅದೇ. ಜೊತೆಗೆ ಇಸಿಜಿ, ಥೈರಾಯ್ಡ್, ಕಿಡ್ನಿ, ಮೂತ್ರದ ಪೊಟ್ಯಾಸಿಯಂ. ಇಸಿಜಿ ಯಾಕೆ ಅಂದರೆ ಪೊಟ್ಯಾಸಿಯಂ ಏರಿದರೂ ಇಳಿದರೂ ಹೃದಯದ ಬಡಿತ ಹದ ತಪ್ಪುತ್ತದೆ.

ಕೊನೆಗೆ ಜೀನ್ ಪರೀಕ್ಷೆ. ಸಿಎಸಿಎನ್‌ಎ1ಎಸ್ ಅನ್ನುವ ಜೀನಿನಲ್ಲಿ ದೋಷ ಸಿಗುವುದೇ ಜಾಸ್ತಿ, ಉಳಿದವರಲ್ಲಿ ಕೆಲವರಿಗೆ ಎಸ್‌ಸಿಎನ್4ಎ. ಕೆಲವರಿಗೆ ಎರಡರಲ್ಲೂ ಸಿಗುವುದಿಲ್ಲ, ಆದರೂ ಕಾಯಿಲೆ ಇರುತ್ತದೆ. ತುರ್ತಿಗೆ ನಮ್ಮ ಕಡೆಯವರಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಇದೆ. ನರ ಮತ್ತು ಮಾಂಸಖಂಡದ ಕಾಯಿಲೆ ಬಲ್ಲವರನ್ನು ನೋಡಬೇಕು ಅಂದರೆ ಬೆಂಗಳೂರಿನ ನಿಮ್ಹಾನ್ಸ್ ಅಥವಾ ಮಣಿಪಾಲ. ಫೈಲ್ ಮಾತ್ರ ಕಳೆಯಬೇಡಿ. ಪ್ಲಾಸ್ಟಿಕ್ ಕವರಿನಲ್ಲಿ ಇಡಿ, ಮಳೆಗಾಲದಲ್ಲಿ ನಮ್ಮ ಮನೆಗಳಲ್ಲಿ ಕಾಗದಕ್ಕೆ ಬೂಷ್ಟು ಹಿಡಿಯಲು ಒಂದು ವಾರ ಸಾಕು.

ಅಟ್ಯಾಕ್ ಬಂದರೆ ಮನೆಯಲ್ಲಿ ಏನು ಮಾಡ್ತೀರಿ?

ಪೊಟ್ಯಾಸಿಯಂ ಕ್ಲೋರೈಡ್ ಸಿರಪ್. ಮೆಡಿಕಲ್ ಶಾಪಿನಲ್ಲಿ ಸಿಗುವ ಸಾಮಾನ್ಯ ಸಿರಪ್‌ನಲ್ಲಿ 15 ಮಿಲಿಲೀಟರಿಗೆ 20 ಮಿಲಿ ಈಕ್ವಿವೆಲೆಂಟ್ ಪೊಟ್ಯಾಸಿಯಂ ಇರುತ್ತದೆ. ಎಷ್ಟು ಕುಡಿಯಬೇಕು, ಎಷ್ಟು ಹೊತ್ತು ಬಿಟ್ಟು ಮತ್ತೆ ಕುಡಿಯಬೇಕು, ದಿನಕ್ಕೆ ಎಷ್ಟರ ಮೇಲೆ ಹೋಗಬಾರದು, ಎಲ್ಲ ನನ್ನ ಡಾಕ್ಟರ್ ತೂಕ ಮತ್ತು ಕಿಡ್ನಿ ನೋಡಿ ಬರೆದುಕೊಟ್ಟಿದ್ದಾರೆ. ನನ್ನ ಲೆಕ್ಕ ನಿಮಗೆ ಹೇಳುವುದಿಲ್ಲ, ಕೇಳಲೂಬೇಡಿ. ಇದು ಕೆಮ್ಮಿನ ಔಷಧಿ ಅಲ್ಲ, ಜಾಸ್ತಿಯಾದರೆ ಹೃದಯ ನಿಲ್ಲಿಸುವ ವಸ್ತು.

ನಮ್ಮ ಮನೆಯ ಕ್ರಮ ಹೀಗೆ. ಹೆಂಡತಿ ಮೊದಲು ಬೆನ್ನಿಗೆ ಎರಡು ದಿಂಬು ಕೊಟ್ಟು ಕೂರಿಸುತ್ತಾಳೆ, ಮಲಗಿಸಿ ಕುಡಿಸಿದರೆ ನೆತ್ತಿಗೆ ಹತ್ತುತ್ತದೆ. ಒಂದು ಗುಟುಕು ಬರೀ ನೀರು ಕೊಟ್ಟು ನುಂಗಲು ಆಗುತ್ತದಾ ನೋಡುತ್ತಾಳೆ. ಆಮೇಲೆ ಸಿರಪ್ಪನ್ನು ಜಾಸ್ತಿ ನೀರಿಗೆ ಹಾಕಿ ನಿಧಾನ ಕುಡಿಸುತ್ತಾಳೆ. ಹಾಗೇ ಕುಡಿದರೆ ಹೊಟ್ಟೆ ಉರಿಯುತ್ತದೆ. ಜ್ಯೂಸಿನಲ್ಲಿ ಬೇಡ, ಸಕ್ಕರೆ ಹಾಕಿದ ಯಾವುದರಲ್ಲೂ ಬೇಡ. ಗೋಡೆಯ ಕ್ಯಾಲೆಂಡರ್ ಮೇಲೆ ಟೈಮ್ ಬರೆಯುತ್ತಾಳೆ, ಯಾಕೆಂದರೆ ನಿದ್ದೆಗಣ್ಣಿನಲ್ಲಿ ಎರಡನೇ ಡೋಸ್ ಕೊಟ್ಟೆನೋ ಇಲ್ಲವೋ ಅಂತ ಇಬ್ಬರಿಗೂ ಮರೆತುಹೋದ ಒಂದು ರಾತ್ರಿ ಇತ್ತು. ಆಮೇಲೆ ಕೈಕಾಲನ್ನು ಮೆಲ್ಲಗೆ ಆಡಿಸುತ್ತಾಳೆ. ಒಂದೆರಡು ಗಂಟೆಯಲ್ಲಿ ಬೆರಳಿಂದ ಬಲ ವಾಪಸ್ ಬರಲು ಶುರುವಾಗುತ್ತದೆ.

ನುಂಗಲು ಆಗದಿದ್ದರೆ, ಉಸಿರು ಚಿಕ್ಕದಾದರೆ, ಎದೆ ಢವಢವ ಅಂದರೆ, ಡಾಕ್ಟರ್ ಹೇಳಿದಷ್ಟು ಕುಡಿದ ಮೇಲೂ ಬಲ ಬರದಿದ್ದರೆ, 108. ಮಳೆಗಾಲದಲ್ಲಿ ರಸ್ತೆಗೆ ಮರ ಬೀಳುವುದು, ನೆಟ್‌ವರ್ಕ್ ಹೋಗುವುದು ನಮಗೆ ಹೊಸದಲ್ಲ. ಹಾಗಾಗಿ ಕಾಯುತ್ತ ಕೂರದೆ ಜೀಪ್ ಇರುವ ಪಕ್ಕದ ಮನೆಯವರಿಗೆ ಮೊದಲೇ ಹೇಳಿಟ್ಟಿದ್ದೇವೆ.

ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಕೊಡುವುದಾದರೆ ಇಸಿಜಿ ನೋಡುತ್ತ ತುಂಬ ನಿಧಾನ ಕೊಡಬೇಕು, ಡೆಕ್ಸ್ಟ್ರೋಸ್‌ನಲ್ಲಿ, ಅಂದರೆ ಗ್ಲೂಕೋಸ್ ನೀರಿನಲ್ಲಿ, ಬೆರೆಸಬಾರದು. ಇನ್ನೊಂದು ವಿಷಯ. ಒಳಗೆ ಹೋಗಿದ್ದ ಪೊಟ್ಯಾಸಿಯಂ ಅಟ್ಯಾಕ್ ಇಳಿಯುವಾಗ ಹೊರಗೆ ಬಂದೇ ಬರುತ್ತದೆ. ಅಷ್ಟರಲ್ಲಿ ನಾವು ಗಾಬರಿಗೆ ಸುರಿದದ್ದೂ ಸೇರಿದರೆ ಮಿತಿ ಮೀರುತ್ತದೆ.

ಸಿರಪ್ ಯಾಕೆ, ಬಾಳೆಹಣ್ಣು ತಿಂದರೆ ಸಾಲದಾ?

ಇದು ನನಗೆ ಅತಿ ಹೆಚ್ಚು ಬರುವ ಪ್ರಶ್ನೆ, ಬಾಳೆಗೊನೆ ಸಮೇತ ಬಂದವರೂ ಇದ್ದಾರೆ. ಲೆಕ್ಕ ಹಾಕೋಣ. ಒಂದು ಮಧ್ಯಮ ಗಾತ್ರದ ಪಚ್ಚಬಾಳೆಯಲ್ಲಿ ಸುಮಾರು 400 ಮಿಲಿಗ್ರಾಂ ಪೊಟ್ಯಾಸಿಯಂ, ಅಂದರೆ ಹತ್ತಿರ ಹತ್ತಿರ 10 ಮಿಲಿ ಈಕ್ವಿವೆಲೆಂಟ್. 45 ಮಿಲಿಲೀಟರ್ ಸಿರಪ್‌ನಲ್ಲಿರುವಷ್ಟು ಬೇಕು ಅಂದರೆ ಆರು ಬಾಳೆಹಣ್ಣು ತಿನ್ನಬೇಕು. ಒಂದೊಂದರಲ್ಲೂ 25 ಗ್ರಾಂ ಮೇಲೆ ಪಿಷ್ಟ, ಸಕ್ಕರೆ. ಆರು ತಿಂದರೆ 150 ಗ್ರಾಂ ದಾಟಿತು. ಮದ್ದು ಅಂತ ತಿಂದದ್ದು ಇನ್ನೊಂದು ಹೋಳಿಗೆ ಊಟ ಆಯಿತು, ಅಲ್ವಾ?

ಎಳನೀರು ವಾಸಿ, ಅದರಲ್ಲಿ ಸಕ್ಕರೆ ಕಡಿಮೆ. ಕಾಲು ಸ್ವಲ್ಪ ಭಾರ ಅನ್ನಿಸುವ ಸಂಜೆ ನಾನು ಒಂದು ಎಳನೀರು ಕುಡಿಯುತ್ತೇನೆ. ಪೂರ್ತಿ ಬಿದ್ದ ಮೇಲೆ ಮಾತ್ರ ಅದು ಸಾಲುವುದಿಲ್ಲ.

ದಿನಾ ತೆಗೆದುಕೊಳ್ಳುವ ಮಾತ್ರೆ ಯಾವುದು?

ನನಗೆ ಬರೆದಿರುವುದು ಅಸೆಟಝೋಲಮೈಡ್. ಮೂಲತಃ ಕಣ್ಣಿನ ಒತ್ತಡಕ್ಕೆ ಕೊಡುವ ಮಾತ್ರೆ, ಹಿಮಾಲಯದ ಯಾತ್ರೆಗೆ ಹೋಗುವವರೂ ಎತ್ತರಕ್ಕೆ ತಲೆ ತಿರುಗಬಾರದು ಅಂತ ನುಂಗುತ್ತಾರೆ. ಅದರ ಅಣ್ಣತಮ್ಮ ಡೈಕ್ಲೋರ್‌ಫೆನಮೈಡ್ ಅಂತ ಒಂದಿದೆ, ಅಮೆರಿಕದಲ್ಲಿ 2015ರಲ್ಲಿ ಇದೇ ಕಾಯಿಲೆಗೆ ಒಪ್ಪಿಗೆ ಸಿಕ್ಕಿತು. ಅಸೆಟಝೋಲಮೈಡ್ ಎಲ್ಲರಿಗೂ ಹಿಡಿಸುವುದಿಲ್ಲ. ಸುಮಾರು ಅರ್ಧ ಜನರಿಗೆ ಕೆಲಸ ಮಾಡುತ್ತದೆ. ಕೆಲವರಿಗೆ, ಅದರಲ್ಲೂ ಎಸ್‌ಸಿಎನ್4ಎ ದೋಷ ಇರುವ ಕೆಲವರಿಗೆ, ಅಟ್ಯಾಕ್ ಜಾಸ್ತಿಯೇ ಆಗಬಹುದು. ನನಗೆ ವಾರಕ್ಕೊಮ್ಮೆ ಬರುತ್ತಿದ್ದದ್ದು ವರ್ಷಕ್ಕೆ ನಾಲ್ಕೈದಕ್ಕೆ ಇಳಿದಿದೆ.

ತೊಂದರೆಗಳು ಇವೆ. ಶುರುವಿನಲ್ಲಿ ಬೆರಳ ತುದಿ, ತುಟಿ ಮೇಲೆ ಇರುವೆ ಹರಿದ ಹಾಗೆ ಜುಮು ಜುಮು. ಸೋಡಾ ಕುಡಿದರೆ ಸಪ್ಪೆ, ತಗಡು ನೆಕ್ಕಿದ ಹಾಗೆ. ಕಿಡ್ನಿಯಲ್ಲಿ ಕಲ್ಲಾಗುವ ಸಂಭವ ಇರುವುದರಿಂದ ನೀರು ಜಾಸ್ತಿ ಕುಡಿಯಬೇಕು, ಕುಡಿದಷ್ಟೂ ಓಡಬೇಕು, ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುವುದು ಒಂದು ಸಾಹಸ. ಸಲ್ಫಾ ಅಲರ್ಜಿ ಇದ್ದರೆ ಮೊದಲೇ ಹೇಳಿ. ಕೆಲವರಿಗೆ ಸ್ಪೈರೊನೊಲ್ಯಾಕ್ಟೋನ್ ಥರದ ಪೊಟ್ಯಾಸಿಯಂ ಹಿಡಿದಿಡುವ ಮಾತ್ರೆ ಕೊಡುತ್ತಾರೆ. ಅದರ ಜೊತೆ ಸಿರಪ್ ಕುಡಿಯುವವರು ರಕ್ತ ಪರೀಕ್ಷೆ ತಪ್ಪಿಸಲೇಬಾರದು.

ಊಟಕ್ಕೆ ಏನು ಮಾಡ್ತೀರಿ? ಅನ್ನ ಬಿಟ್ಟಿರಾ?

ಮಲೆನಾಡಿನಲ್ಲಿ ಅನ್ನ ಬಿಟ್ಟು ಬದುಕುವುದು ಹೇಗೆ ಮಾರಾಯ್ರೆ. ಬೆಳಿಗ್ಗೆ ಕಡುಬು, ಇಲ್ಲ ಅಕ್ಕಿ ರೊಟ್ಟಿ, ಇಲ್ಲ ನೀರುದೋಸೆ ಜೋನಿ ಬೆಲ್ಲ. ಮಧ್ಯಾಹ್ನ ಅನ್ನ, ರಾತ್ರಿ ಅನ್ನ. ಅಕ್ಕಿಯೇ ಬೇರೆ ಬೇರೆ ವೇಷ ಹಾಕಿ ದಿನಕ್ಕೆ ಮೂರು ಸಲ ಬರುತ್ತದೆ. ನಾನು ಬಿಡಲಿಲ್ಲ, ಹಂಚಿದೆ. ಒಂದೇ ಸಲ ತಿನ್ನುವುದನ್ನು ನಿಲ್ಲಿಸಿದೆ, ಅದೇ ದೊಡ್ಡ ಬದಲಾವಣೆ.

ಬೆಳಿಗ್ಗೆ ಎರಡು ಕಡುಬು, ಜೊತೆಗೆ ಕಾಳಿನ ಪಲ್ಯವೋ ಮೊಟ್ಟೆಯೋ. ಬೆಲ್ಲ ಇಲ್ಲ. ಮೊದಲು ಆರು ತಿನ್ನುತ್ತಿದ್ದೆ. ಹತ್ತೂವರೆಗೆ ಒಂದು ಲೋಟ ಮಜ್ಜಿಗೆ, ಉಪ್ಪಿಲ್ಲದೆ. ಮಧ್ಯಾಹ್ನ ಒಂದು ಸೌಟು ಅನ್ನ, ಅದಕ್ಕಿಂತ ಜಾಸ್ತಿ ಪಲ್ಯ, ಒಂದೆಲಗದ ತಂಬುಳಿ, ಇದ್ದರೆ ಮೀನು. ರಾತ್ರಿ ಊಟ ಏಳೂವರೆಗೆ ಮುಗಿಯುತ್ತದೆ, ಅದೂ ಹಗುರ. ಅಟ್ಯಾಕ್ ಬರುವುದು ಬೆಳಗಿನ ಜಾವ ಆದ್ದರಿಂದ ರಾತ್ರಿಯ ಎಲೆ ಮೇಲೆ ನನಗೆ ಅತಿ ಹೆಚ್ಚು ಕಣ್ಣು. ಏನು ತಿಂದೆ, ಬೆಳಿಗ್ಗೆ ಕಾಲು ಹೇಗಿತ್ತು ಅಂತ ಒಂದು ವರ್ಷ ನೋಟ್‌ಬುಕ್ಕಿನಲ್ಲಿ ಬರೆದೆ. ನನಗೆ ಕುಚಲಕ್ಕಿ ಗಂಜಿ ಒಗ್ಗುತ್ತದೆ, ಬಿಳಿ ಅಕ್ಕಿಯ ನೀರುದೋಸೆ ಒಗ್ಗುವುದಿಲ್ಲ ಅಂತ ಗೊತ್ತಾದದ್ದು ಆ ಪುಸ್ತಕದಿಂದ. ನಿಮಗೆ ಉಲ್ಟಾ ಇರಬಹುದು, ಬರೆದು ನೋಡಿ.

ಉಪ್ಪು ಇನ್ನೊಂದು ಕಳ್ಳ. ಜಾಸ್ತಿ ಉಪ್ಪು ತಿಂದರೂ ಅಟ್ಯಾಕ್ ಬರಬಹುದು. ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಒಣಮೀನು, ಮಳೆಗಾಲದ ನಮ್ಮ ಅರ್ಧ ಊಟವೇ ಉಪ್ಪು. ಹಪ್ಪಳ ಬಿಟ್ಟೆ. ಮಿಡಿ ಬಿಡಲು ಆಗಲಿಲ್ಲ, ವಾರಕ್ಕೆ ಎರಡು ಅಂತ ಅಮ್ಮನ ಜೊತೆ ಒಪ್ಪಂದ. ಅಂಗಡಿಯಲ್ಲಿ ಕಡಿಮೆ ಸೋಡಿಯಂ ಉಪ್ಪು ಅಂತ ಸಿಗುತ್ತದಲ್ಲ, ಅದರಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ನಮಗೆ ಒಳ್ಳೆಯದೇ ಅನ್ನಿಸಬಹುದು, ಆದರೆ ಅದೇ ಸಾರು ಕಿಡ್ನಿ ತೊಂದರೆ ಇರುವ ಅಪ್ಪನೂ ಉಣ್ಣುತ್ತಾರೆ. ಡಾಕ್ಟರನ್ನು ಕೇಳದೆ ಮನೆಗೆ ತರಬೇಡಿ.

ಹಲಸಿನ ಹಣ್ಣು? ಕಬ್ಬಿನ ಹಾಲು? ಕಳಲೆ?

ಹಲಸಿನಲ್ಲಿ ಪೊಟ್ಯಾಸಿಯಂ ಚೆನ್ನಾಗಿದೆ, ಸಕ್ಕರೆಯೂ ಅಷ್ಟೇ ಚೆನ್ನಾಗಿದೆ. ಹಗಲು ಮೂರು ತೊಳೆ, ರಾತ್ರಿ ಒಂದೂ ಇಲ್ಲ. ಎಳೆ ಹಲಸಿನಕಾಯಿ ಪಲ್ಯಕ್ಕೆ ಅಡ್ಡಿಯಿಲ್ಲ. ಆಲೆಮನೆ ಕಡೆ ನಾನು ತಲೆಯೇ ಹಾಕುವುದಿಲ್ಲ, ಅಲ್ಲಿ ಚೊಂಬಿನಲ್ಲಿ ಕುಡಿಸುತ್ತಾರೆ, ಒಂದಕ್ಕೆ ಬಿಡುವುದಿಲ್ಲ. ಕಳಲೆ ತಿನ್ನಿ, ಆದರೆ ಪೊಟ್ಯಾಸಿಯಂ ಆಸೆಗೆ ಬೇಡ. ಮೂರು ದಿನ ನೀರು ಬದಲಿಸಿ ನೆನೆಸುವಾಗ ಅದರ ಒಳ್ಳೆಯ ಪಾಲು ನೀರಿನ ಜೊತೆ ಬಚ್ಚಲಿಗೆ ಹೋಗಿರುತ್ತದೆ.

ಹೆಂಡ, ಬ್ರಾಂದಿ ಬೇಡವೇ ಬೇಡ.

ತೋಟದ ಕೆಲಸ ಮಾಡಬಹುದಾ?

ಮಾಡಬಹುದು, ಮಾಡುತ್ತೇನೆ. ಮರ ಹತ್ತುವುದಿಲ್ಲ ಅಷ್ಟೇ. ಕೊನೆ ಕೊಯ್ಯುವುದು, ಮಳೆಗಾಲದಲ್ಲಿ ಮದ್ದು ಹೊಡೆಯುವುದು ಕೊನೆಗೌಡನ ಕೆಲಸ. ತಮಾಷೆ ಏನು ಅಂದರೆ ಈ ಕಾಯಿಲೆ ಕೆಲಸ ಮಾಡುವಾಗ ಬರುವುದಿಲ್ಲ, ಮುಗಿಸಿ ಕೂತಾಗ ಬರುತ್ತದೆ. ದಿನವಿಡೀ ಮಣ್ಣು ಹೊತ್ತು ಸಂಜೆ ಜಗಲಿಯಲ್ಲಿ ಕೂತು ಹಾಗೇ ನಿದ್ದೆ ಹೋದರೆ ಕೆಟ್ಟೆ. ಹಾಗಾಗಿ ಭಾರದ ಕೆಲಸ ಆದ ಮೇಲೆ ಒಮ್ಮೆಲೇ ಕೂರುವುದಿಲ್ಲ. ತೋಟದ ಸುತ್ತ ಅರ್ಧ ಗಂಟೆ ನಿಧಾನ ನಡೆದು, ದನಕ್ಕೆ ಹುಲ್ಲು ಹಾಕಿ, ಆಮೇಲೆ ಬಿಸಿನೀರು ಸ್ನಾನ. ಕಾಲು ಭಾರ ಆಗುತ್ತಿದೆ ಅನ್ನಿಸಿದಾಗ ಎದ್ದು ಮೆಲ್ಲಗೆ ಓಡಾಡಿದರೆ ಎಷ್ಟೋ ಸಲ ಅಲ್ಲಿಗೇ ನಿಲ್ಲುತ್ತದೆ. "ಸುಸ್ತಾಗಿದ್ದೀಯ, ಮಲಗು" ಅನ್ನುವುದು ಆಗ ಕೆಟ್ಟ ಸಲಹೆ.

ಅಡಿಕೆ ಸುಲಿಯುವ ಕಾಲ ಇನ್ನೊಂದು ಕಷ್ಟ. ಮೆಟ್ಟುಗತ್ತಿ ಮುಂದೆ ರಾತ್ರಿ ಹನ್ನೊಂದರವರೆಗೆ ಕೂರುವುದು, ಚಳಿ, ನಡುನಡುವೆ ಸಕ್ಕರೆ ಕಾಫಿ. ಚಳಿಯೂ ಕೆಲವರಿಗೆ ಅಟ್ಯಾಕ್ ತರುತ್ತದೆ. ನಾನು ಗಂಟೆಗೊಮ್ಮೆ ಎದ್ದು ಅಂಗಳ ಸುತ್ತುತ್ತೇನೆ. ಸುಲಿಯುವ ಹೆಂಗಸರು ನಗುತ್ತಾರೆ.

ಕಷಾಯ ಕುಡಿಯಬಹುದಾ?

ಜ್ಯೇಷ್ಠಮಧು ಇರುವುದು ಬೇಡ. ಕೆಲವರು ಅತಿಮಧುರ ಅನ್ನುತ್ತಾರೆ. ಕೆಮ್ಮಿನ ಕಷಾಯಕ್ಕೆ ಹಾಕುವ ಆ ಬೇರು ಪೊಟ್ಯಾಸಿಯಂ ಇಳಿಸುತ್ತದೆ. ಇಂಗ್ಲಿಷ್ ಮದ್ದಿನಲ್ಲಿ ಸ್ಟೀರಾಯ್ಡ್, ಉಬ್ಬಸಕ್ಕೆ ಕೊಡುವ ಸಾಲ್ಬುಟಮಾಲ್, ಮೂತ್ರ ಹೋಗಿಸುವ ಮಾತ್ರೆ, ಇನ್ಸುಲಿನ್, ಇವು ಯಾವುದೇ ಬರೆಯುವ ಮೊದಲು ಡಾಕ್ಟರಿಗೆ ಕಾಯಿಲೆ ಹೆಸರು ಹೇಳಿ. ಬೇಕೇ ಬೇಕು ಅಂದರೆ ಕೊಡುತ್ತಾರೆ, ಆದರೆ ಗಮನ ಇಟ್ಟು ಕೊಡುತ್ತಾರೆ.

ಆಪರೇಷನ್ ಆಗಬೇಕಾದರೆ?

ಅರಿವಳಿಕೆ ಡಾಕ್ಟರಿಗೆ ಹಿಂದಿನ ದಿನವೇ ಹೇಳಿ. ಅವರು ಬಳಸುವ ಕೆಲವು ಔಷಧಿ ನಮಗೆ ಆಗುವುದಿಲ್ಲ, ಗ್ಲೂಕೋಸ್ ಡ್ರಿಪ್ ಅಂತೂ ಆಗುವುದೇ ಇಲ್ಲ. ಹಲ್ಲು ಕೀಳಿಸುವಾಗಲೂ ಹೇಳಿ.

ಮಕ್ಕಳಿಗೆ ಬರುತ್ತಾ? ಮದುವೆ ಮುಂಚೆ ಹೇಳಿದ್ರಾ?

ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಂಭವ, ಗಂಡಾಗಲಿ ಹೆಣ್ಣಾಗಲಿ. ಹೆಂಗಸರಲ್ಲಿ ದೋಷ ಇದ್ದರೂ ಕೆಲವರಿಗೆ ಅಟ್ಯಾಕ್ ಬರುವುದೇ ಇಲ್ಲ, ಬಂದರೂ ಕಡಿಮೆ. ನನ್ನ ಅಜ್ಜನಿಗೆ "ಹಬ್ಬದ ಮಾರನೇ ದಿನ ಕಾಲು ಹಿಡಿಯುತ್ತಿತ್ತು" ಅಂತ ಅಪ್ಪ ಹೇಳುತ್ತಿದ್ದರು. ಅದೇನು ಅಂತ ಈಗ ಅರ್ಥವಾಗುತ್ತದೆ.

ಮದುವೆ ಮುಂಚೆ ಹೇಳಿದೆ. ಎರಡು ಸಂಬಂಧ ತಪ್ಪಿದವು. ಮೂರನೆಯವಳು "ಆ ಸಿರಪ್ ಎಲ್ಲಿಡ್ತೀರಿ?" ಅಂತ ಕೇಳಿದಳು. ಮಗುವಿನ ಯೋಚನೆ ಮಾಡುವ ಹೆಣ್ಣುಮಕ್ಕಳಿಗೆ ಈ ಕಾಯಿಲೆ ಇದ್ದರೆ ಮಾತ್ರೆ ವಿಷಯ ಮೊದಲೇ ಡಾಕ್ಟರ್ ಹತ್ತಿರ ಮಾತಾಡಬೇಕು, ಬಸುರಿಯಲ್ಲಿ ಅಸೆಟಝೋಲಮೈಡ್ ಸಾಮಾನ್ಯವಾಗಿ ಕೊಡುವುದಿಲ್ಲ.

ಪೂರ್ತಿ ವಾಸಿ ಆಗುತ್ತಾ?

ಇಲ್ಲ. 40 ದಾಟಿದ ಮೇಲೆ ಅನೇಕರಿಗೆ ಅಟ್ಯಾಕ್ ಕಡಿಮೆಯಾಗುತ್ತದೆ. ಆದರೆ ತೊಡೆ, ಸೊಂಟದಲ್ಲಿ ವಾಪಸ್ ಬರದ ನಿಶ್ಶಕ್ತಿ ಮೆಲ್ಲಗೆ ಕೂರಬಹುದು. ಅದಕ್ಕೇ ಆರು ತಿಂಗಳಿಗೊಮ್ಮೆ ತೋರಿಸುತ್ತೇನೆ.

ನನಗೂ ಪೀರಿಯಾಡಿಕ್ ಪ್ಯಾರಾಲಿಸಿಸ್. ಆದರೆ ಡಾಕ್ಟರ್ ನನಗೆ ಎಳನೀರು ಕುಡಿಯಬೇಡ ಅಂದಿದ್ದಾರೆ?

ನಿಮ್ಮದು ಬಹುಶಃ ಹೈಪರ್‌ಕಲೀಮಿಕ್, ಪೊಟ್ಯಾಸಿಯಂ ಏರುವ ಬಗೆ. ಹೆಸರು ಒಂದೇ ಥರ, ನಡವಳಿಕೆ ಪೂರ್ತಿ ಉಲ್ಟಾ. ಅದರಲ್ಲಿ ಉಪವಾಸ ಮಾಡಿದರೆ ಬರುತ್ತದೆ, ಪೊಟ್ಯಾಸಿಯಂ ತಿಂದರೆ ಬರುತ್ತದೆ, ಸಿಹಿ ತಿಂದರೆ ಇಳಿಯುತ್ತದೆ. ನಾನು ಬರೆದ ಊಟದ ವಿಷಯ ಯಾವುದನ್ನೂ ಅನುಸರಿಸಬೇಡಿ, ನಿಮ್ಮ ಡಾಕ್ಟರ್ ಹೇಳಿದ್ದೇ ಸರಿ.

ನೆಂಟರ ಮನೆಯಲ್ಲಿ, ಮದುವೆಯಲ್ಲಿ ಹೇಗೆ ಸಂಭಾಳಿಸುತ್ತೀರಿ?

ಬೆಲ್ಲ ನೀರು ಕೊಟ್ಟಾಗ ಬೆಲ್ಲ ಬಿಟ್ಟು ನೀರು ಕುಡಿಯುತ್ತೇನೆ. ಪಂಕ್ತಿಯಲ್ಲಿ ಕೊನೆಗೆ ಕೂರುತ್ತೇನೆ, ಆಗ ಬಡಿಸುವವರಿಗೂ ಸುಸ್ತಾಗಿರುತ್ತದೆ, ಒತ್ತಾಯ ಕಡಿಮೆ. "ಶುಗರ್ ಇದೆ" ಅಂತ ಸುಳ್ಳು ಹೇಳಿದ್ದೂ ಉಂಟು. ಪೊಟ್ಯಾಸಿಯಂ ಅಂದರೆ ಒಂದು ಹೋಳಿಗೆಯಿಂದ ಏನಾಗುತ್ತೆ ಅಂತ ಚರ್ಚೆಗೆ ಇಳಿಯುತ್ತಾರೆ, ಶುಗರ್ ಅಂದರೆ ತಕ್ಷಣ ಕೈ ಹಿಂದೆ ತೆಗೆಯುತ್ತಾರೆ. ಬೆಲ್ಲದ ನೀರು ಕುಡಿಸಿದ ಆ ದೊಡ್ಡಮ್ಮ ಈಗ ನನ್ನ ಎಲೆಗೆ ತಾವೇ ಬಡಿಸುತ್ತಾರೆ, ಬೇರೆ ಯಾರನ್ನೂ ಹತ್ತಿರ ಬಿಡುವುದಿಲ್ಲ. ಆದರೂ ಪಾಯಸದ ಸೌಟು ಮುಂದೆ ಹೋಗುವಾಗ ಒಂದು ಚೂರು ಅಳುಮುಖ ಮಾಡುತ್ತಾರೆ.

ಒಬ್ಬರೇ ಇದ್ದಾಗ, ದಾರಿಯಲ್ಲಿ ಬಿದ್ದರೆ?

ಅಂಗಿ ಜೇಬಿನಲ್ಲಿ ಒಂದು ಚೀಟಿ ಇದೆ, ಲ್ಯಾಮಿನೇಟ್ ಮಾಡಿಸಿದ್ದು, ಒಂದು ಬದಿ ಕನ್ನಡ, ಇನ್ನೊಂದು ಬದಿ ಇಂಗ್ಲಿಷ್. ಬೇಕಾದವರು ಇದನ್ನೇ ನಕಲು ಮಾಡಿಕೊಳ್ಳಿ:

"ನನಗೆ ಹೈಪೋಕಲೀಮಿಕ್ ಪೀರಿಯಾಡಿಕ್ ಪ್ಯಾರಾಲಿಸಿಸ್ ಇದೆ. ಕುಡಿದಿಲ್ಲ. ನನಗೆ ನೀವು ಹೇಳುವುದು ಕೇಳಿಸುತ್ತದೆ. ಸಕ್ಕರೆ, ಜ್ಯೂಸ್, ಗ್ಲೂಕೋಸ್ ಡ್ರಿಪ್ ಯಾವುದೂ ಬೇಡ. ತಕ್ಷಣ ರಕ್ತದ ಪೊಟ್ಯಾಸಿಯಂ ಮತ್ತು ಇಸಿಜಿ ನೋಡಿ. ನನ್ನ ಬ್ಯಾಗಿನಲ್ಲಿ ಸಿರಪ್ ಮತ್ತು ಡಾಕ್ಟರ್ ಬರೆದ ಡೋಸ್ ಇದೆ. ಮನೆಗೆ ಫೋನ್ ಮಾಡಿ."

ಕೆಳಗೆ ಹೆಂಡತಿಯ ನಂಬರ್, ಅದರ ಕೆಳಗೆ ಜೀಪಿನವರ ನಂಬರ್.